ಕಂಪ್ಯೂಟರ್ ಪ್ರಶ್ನೋತ್ತರ: ಎಸ್‌ಎಂಪಿಎಸ್‌ನಲ್ಲಿ ಉಳಿತಾಯ ಬೇಡ

ಪ್ರಶ್ನೆ: ಸರ್, ಮಗಳು ಕಾಲೇಜಿಗೆ ಸೇರಿದ್ದಾಳೆ. ಕೋಡಿಂಗ್, ಸ್ವಲ್ಪ ಫೋಟೊ ಮತ್ತು ವಿಡಿಯೊ ಎಡಿಟಿಂಗ್, ಆಗಾಗ ಒಂದೆರಡು ಗೇಮ್, ಇಷ್ಟಕ್ಕೆ ಕಂಪ್ಯೂಟರ್ ಬೇಕು. ಜಾಸ್ತಿ ದುಡ್ಡು ಹಾಕುವ ಹಾಗಿಲ್ಲ. ಪರಿಚಯದವರು ಒಂದು ಪಟ್ಟಿ ಬರೆದುಕೊಟ್ಟಿದ್ದಾರೆ: ಇಂಟೆಲ್ ಕೋರ್ ಐ5-12400ಎಫ್, ಎಚ್610 ಬೋರ್ಡ್, 16 ಜಿಬಿಯ ಒಂದು ರ‍್ಯಾಮ್, 256 ಜಿಬಿ ಎಸ್‌ಎಸ್‌ಡಿ, 1 ಟಿಬಿ ಹಾರ್ಡ್ ಡಿಸ್ಕ್, 450 ವ್ಯಾಟ್ ಎಸ್‌ಎಂಪಿಎಸ್ (ಕರೆಂಟ್ ಒದಗಿಸುವ ಪೆಟ್ಟಿಗೆ) ಸಮೇತ ಬರುವ ಕ್ಯಾಬಿನೆಟ್. ಗ್ರಾಫಿಕ್ಸ್ ಕಾರ್ಡ್ ಮುಂದಿನ ವರ್ಷ ಹಾಕಿಸೋಣ ಅಂತಿದ್ದೇವೆ. ಪಟ್ಟಿ ಸರಿಯಿದೆಯಾ?

ಉತ್ತರ: ಇದೇ ಪಟ್ಟಿಯಂತೆ ಕೊಂಡರೆ ಮಾನಿಟರ್‌ನಲ್ಲಿ ಏನೂ ಕಾಣಿಸುವುದಿಲ್ಲ. 12400ರ ಕೊನೆಯಲ್ಲಿ ‘ಎಫ್’ ಇದೆಯಲ್ಲ, ಅದರ ಅರ್ಥ ಈ ಪ್ರೊಸೆಸರ್‌ನಲ್ಲಿ ಗ್ರಾಫಿಕ್ಸ್ ಇಲ್ಲ ಅಂತ. ಕಾರ್ಡ್ ಹಾಕುವವರೆಗೂ ಪರದೆ ಕಪ್ಪಾಗಿಯೇ ಇರುತ್ತದೆ. ಎಫ್ ಇಲ್ಲದ ಬರೀ 12400 ತಗೊಳ್ಳಿ, ಬೆಲೆ ಸ್ವಲ್ಪ ಜಾಸ್ತಿಯಾದರೂ ಪರವಾಗಿಲ್ಲ. ಎರಡರಲ್ಲೂ 6 ಕೋರ್, 12 ಥ್ರೆಡ್. ನಿಮ್ಮ ಮಗಳ ಕೆಲಸಕ್ಕೆ ಅದು ಧಾರಾಳವಾಗಿ ಸಾಕು, ಐ7ಗೆ ಹೋಗುವ ಅಗತ್ಯವೇ ಇಲ್ಲ.

ಕಾರ್ಡ್ ಮುಂದಿನ ವರ್ಷವೂ ಅನುಮಾನ ಅನ್ನಿಸಿದರೆ ಎಎಂಡಿ ರೈಜನ್ 5 5600ಜಿ ನೋಡಿ. ಅದರೊಳಗಿನ ಗ್ರಾಫಿಕ್ಸ್ 12400ರದ್ದಕ್ಕಿಂತ ಚೆನ್ನಾಗಿದೆ, ಸಣ್ಣಪುಟ್ಟ ಗೇಮ್‌ಗಳು ಕಾರ್ಡ್ ಇಲ್ಲದೆಯೂ ಓಡುತ್ತವೆ. ಕಾರ್ಡ್ ಖಂಡಿತ ಬರುತ್ತದೆ ಅಂತಾದರೆ ನನ್ನ ಆಯ್ಕೆ 12400.

ಪಟ್ಟಿಯಲ್ಲಿ ನನಗೆ ಜಾಸ್ತಿ ಚಿಂತೆ ಇರುವುದು ಆ ಎಸ್‌ಎಂಪಿಎಸ್ ಬಗ್ಗೆ. ಬಜೆಟ್ ಕಡಿಮೆ ಇದ್ದಾಗ ಎಲ್ಲರೂ ಮೊದಲು ಕತ್ತರಿ ಹಾಕುವುದು ಅದಕ್ಕೇ, ಯಾಕೆಂದರೆ ಅದು ಕಣ್ಣಿಗೆ ಕಾಣದ ಭಾಗ, ವೇಗವನ್ನೂ ಹೆಚ್ಚಿಸುವುದಿಲ್ಲ. ಆದರೆ ಉಳಿದ ಎಲ್ಲ ಭಾಗಗಳಿಗೂ ಕರೆಂಟ್ ಹೋಗುವುದು ಅದರಿಂದಲೇ. ಅದು ಕೆಟ್ಟರೆ ಒಮ್ಮೊಮ್ಮೆ ಬೋರ್ಡನ್ನೂ ಜೊತೆಗೆ ಕೆಡಿಸುತ್ತದೆ. ಕೊಳ್ಳುವ ಮೊದಲು ಅದರ ಮೈಮೇಲಿನ ಸ್ಟಿಕರ್ ಓದಿ. ದೊಡ್ಡದಾಗಿ 450 ವ್ಯಾಟ್ ಅಂತ ಬರೆದಿರಬಹುದು, ನೀವು ಅದನ್ನು ಬಿಟ್ಟು ಕೋಷ್ಟಕದಲ್ಲಿ ‘+12ವಿ’ ಕೆಳಗೆ ಎಷ್ಟು ಆಂಪ್ಸ್ ಇದೆ ನೋಡಿ. ಅದನ್ನು 12ರಿಂದ ಗುಣಿಸಿ. 18 ಆಂಪ್ಸ್ ಇದ್ದರೆ 216 ವ್ಯಾಟ್ ಆಯಿತು. ಪ್ರೊಸೆಸರ್ರೂ ಗ್ರಾಫಿಕ್ಸ್ ಕಾರ್ಡೂ ಕರೆಂಟ್ ಎಳೆಯುವುದು ಇಲ್ಲಿಂದಲೇ. 12400 ಪೂರ್ತಿ ಕೆಲಸದಲ್ಲಿದ್ದಾಗ 117 ವ್ಯಾಟ್‌ವರೆಗೆ ಹೋಗುತ್ತದೆ, ಮಧ್ಯಮ ದರ್ಜೆಯ ರೇಡಿಯಾನ್ ಆರ್‌ಎಕ್ಸ್ 6600 ಕಾರ್ಡಿಗೆ 132 ವ್ಯಾಟ್ ಬೇಕು. ಇವೆರಡೇ 249 ಆಯಿತಲ್ವಾ, ಆ 216ಕ್ಕಿಂತ ಜಾಸ್ತಿ? ಅಂದರೆ ಮುಂದಿನ ವರ್ಷ ಕಾರ್ಡ್ ತಂದಾಗ ಎಸ್‌ಎಂಪಿಎಸ್ ಕೂಡ ಹೊಸದು ತರಬೇಕಾಗುತ್ತದೆ, ಈಗ ಉಳಿಸಿದ್ದು ಆಗ ಹೋಗುತ್ತದೆ.

ಒಳ್ಳೆಯ ಕಂಪನಿಯ 550 ವ್ಯಾಟ್‌ನದ್ದು ಬೇರೆಯಾಗಿಯೇ ಕೊಳ್ಳಿ. 12ವಿ ಕೆಳಗೆ 40 ಆಂಪ್ಸ್ ದಾಟಿರಬೇಕು, ಕಾರ್ಡಿಗೆ ಬೇಕಾಗುವ 8 ಪಿನ್ ಕೇಬಲ್ ಇರಬೇಕು, ವಾರಂಟಿ ಎಷ್ಟು ವರ್ಷ ಅಂತಲೂ ಕೇಳಿ. ‘80 ಪ್ಲಸ್ ಬ್ರಾಂಜ್’ ಗುರುತು ಇದ್ದರೆ ಒಳ್ಳೆಯದೇ, ಆದರೆ ಅದು ಹೇಳುವುದು ಕರೆಂಟ್ ಎಷ್ಟು ಪೋಲಾಗುತ್ತದೆ ಎಂಬುದನ್ನು ಮಾತ್ರ. ಒಳಗಿನ ಭಾಗಗಳು ಗಟ್ಟಿಯೋ ಅಲ್ಲವೋ ಅದರಿಂದ ಗೊತ್ತಾಗುವುದಿಲ್ಲ.

ಇದಕ್ಕೆ ದುಡ್ಡು ಎಲ್ಲಿಂದ ತರೋದು? ಹಾರ್ಡ್ ಡಿಸ್ಕ್ ಬಿಡಿ. 256 ಜಿಬಿ ಎಸ್‌ಎಸ್‌ಡಿ ಬದಲು 500 ಜಿಬಿಯ ಒಂದು ಎನ್‌ವಿಎಂಇ (ಬೋರ್ಡಿಗೇ ಸಿಕ್ಕಿಸುವ ವೇಗದ ಎಸ್‌ಎಸ್‌ಡಿ) ಹಾಕಿ, ಜಾಗ ಸಾಲದಿದ್ದಾಗ ಇನ್ನೊಂದು ಡ್ರೈವ್ ಸೇರಿಸಿದರಾಯಿತು. ಅದು ಹತ್ತು ನಿಮಿಷದ ಕೆಲಸ. ಹೊಳೆಯುವ ಲೈಟಿನ ಕ್ಯಾಬಿನೆಟ್ ಬೇಡ. ಮುಂಭಾಗ ಜಾಲರಿಯಂತಿದ್ದು ಗಾಳಿ ಒಳಗೆ ಹೋಗುವಂತಿದ್ದರೆ ಸಾಕು. ಬೇರೆ ಕೂಲರ್ ಕೂಡ ಬೇಡ, ಪ್ರೊಸೆಸರ್ ಡಬ್ಬದಲ್ಲಿ ಬರುವುದೇ ಸಾಲುತ್ತದೆ. ಆಮೇಲೆ ಸುಲಭವಾಗಿ ಸೇರಿಸಬಹುದಾದ್ದನ್ನು ಈಗ ಕಡಿಮೆ ಮಾಡಿ. ಎಲ್ಲ ಬಿಚ್ಚಿ ಬದಲಿಸಬೇಕಾದ ಬೋರ್ಡ್ ಮತ್ತು ಎಸ್‌ಎಂಪಿಎಸ್‌ನಲ್ಲಿ ಮಾತ್ರ ಉಳಿಸಲು ಹೋಗಬೇಡಿ.

ರ‍್ಯಾಮ್ 8 ಜಿಬಿಯ ಎರಡು ತಗೊಳ್ಳಿ. ಎರಡಿದ್ದರೆ ಪ್ರೊಸೆಸರ್ ಒಟ್ಟಿಗೇ ಎರಡು ದಾರಿಯಲ್ಲಿ ಓದಿ ಬರೆಯುತ್ತದೆ, ಕಾರ್ಡ್ ಇಲ್ಲದಾಗ ಗ್ರಾಫಿಕ್ಸ್ ಕೂಡ ಇದೇ ರ‍್ಯಾಮ್ ಬಳಸುವುದರಿಂದ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. ಎಚ್610ರಲ್ಲಿ ಇರುವುದು ಎರಡೇ ಸ್ಲಾಟ್, ಹಾಗಾಗಿ ಮುಂದೆ 32 ಜಿಬಿ ಬೇಕೆಂದರೆ ಹಳೆಯದನ್ನು ತೆಗೆಯಬೇಕು. ಕೈಗೆಟುಕಿದರೆ ನಾಲ್ಕು ಸ್ಲಾಟಿನ ಬಿ660 ಅಥವಾ ಬಿ760 ಬೋರ್ಡ್ ನೋಡಿ. ಇನ್ನೊಂದು ಮಾತು, ಈ ಬೋರ್ಡುಗಳು ಡಿಡಿಆರ್4 ಬಗೆಯ ರ‍್ಯಾಮ್‌ಗೆ ಬೇರೆ, ಡಿಡಿಆರ್5 ಬಗೆಯದ್ದಕ್ಕೆ ಬೇರೆ ಇವೆ. ಒಂದರ ರ‍್ಯಾಮ್ ಇನ್ನೊಂದರಲ್ಲಿ ಕೂರುವುದೇ ಇಲ್ಲ, ಆದ್ದರಿಂದ ಬಿಲ್ ಮಾಡಿಸುವ ಮೊದಲು ಎರಡನ್ನೂ ಪಕ್ಕಪಕ್ಕ ಇಟ್ಟು ಓದಿ.

ಪ್ರಶ್ನೆ: 3200ರ ಡಿಡಿಆರ್4 ರ‍್ಯಾಮ್ ಅಂತ ಕೊಂಡೆ. ಟಾಸ್ಕ್ ಮ್ಯಾನೇಜರ್‌ನಲ್ಲಿ 2400 ತೋರಿಸುತ್ತಿದೆ. ಮೋಸ ಹೋದೆನಾ?

ಉತ್ತರ: ಬಹುಶಃ ಇಲ್ಲ. ಎಷ್ಟೋ ರ‍್ಯಾಮ್‌ಗಳು ತಾವಾಗಿಯೇ ಕಡಿಮೆ ವೇಗದಲ್ಲಿ ಶುರುವಾಗುತ್ತವೆ. ಕಂಪ್ಯೂಟರ್ ಆನ್ ಆಗುವಾಗ ತೆರೆಯುವ ಬಯಾಸ್ ಸೆಟ್ಟಿಂಗ್‌ಗೆ ಹೋಗಿ, ರ‍್ಯಾಮನ್ನು ಪೂರ್ತಿ ವೇಗದಲ್ಲಿ ಓಡಿಸುವ ಎಕ್ಸ್‌ಎಂಪಿ ಆನ್ ಮಾಡಿ (ಕೆಲವು ಎಎಂಡಿ ಬೋರ್ಡುಗಳಲ್ಲಿ ಅದರ ಹೆಸರು ಡಿಒಸಿಪಿ), ಸೇವ್ ಮಾಡಿ ಹೊರಗೆ ಬನ್ನಿ. ಪ್ರೊಸೆಸರ್ ಮತ್ತು ಬೋರ್ಡಿನ ಮಿತಿಯನ್ನೂ ನೋಡಿ. ಎಚ್410 ಬೋರ್ಡಿನ ಮೇಲೆ ಐ5-10400 ಇದ್ದರೆ ಏನು ಮಾಡಿದರೂ 2666 ದಾಟುವುದಿಲ್ಲ.

ಪ್ರಶ್ನೆ: ಸೆಕೆಂಡ್ ಹ್ಯಾಂಡ್‌ನಲ್ಲಿ ಯಾವ ಭಾಗ ಧೈರ್ಯವಾಗಿ ಕೊಳ್ಳಬಹುದು?

ಉತ್ತರ: ಪ್ರೊಸೆಸರ್, ರ‍್ಯಾಮ್, ಕ್ಯಾಬಿನೆಟ್. ಪ್ರೊಸೆಸರ್ ಸುಮ್ನೆ ಕೆಡುವುದು ತೀರಾ ಕಡಿಮೆ. ಆದರೆ ಎಎಂ4 ಸಾಕೆಟ್ಟಿನ ರೈಜನ್‌ಗಳಲ್ಲಿ ಪಿನ್‌ಗಳು ಪ್ರೊಸೆಸರ್ ಅಡಿಯಲ್ಲೇ ಇರುತ್ತವೆ, ತಿರುಗಿಸಿ ಬೆಳಕಿಗೆ ಹಿಡಿದು ಒಂದೂ ಬಾಗಿಲ್ಲ ಅಂತ ಖಾತ್ರಿ ಮಾಡಿಕೊಳ್ಳಿ. ಇಂಟೆಲ್‌ನಲ್ಲಿ ಪಿನ್‌ಗಳು ಬೋರ್ಡಿನ ಸಾಕೆಟ್ಟಿನಲ್ಲಿರುತ್ತವೆ, ಹಳೆಯ ಬೋರ್ಡ್ ಕೊಳ್ಳುವಾಗ ಅಲ್ಲಿ ನೋಡಿ. ಗ್ರಾಫಿಕ್ಸ್ ಕಾರ್ಡನ್ನು ನಿಮ್ಮೆದುರಿಗೇ ಅರ್ಧ ಗಂಟೆ ಗೇಮ್ ಓಡಿಸಿ ತೋರಿಸಲು ಹೇಳಿ. ಒಪ್ಪದಿದ್ದರೆ ಬಿಟ್ಟುಬಿಡಿ. ಎಸ್‌ಎಂಪಿಎಸ್ ಮತ್ತು ಹಾರ್ಡ್ ಡಿಸ್ಕ್ ಮಾತ್ರ ಹಳೆಯದು ಬೇಡವೇ ಬೇಡ.