ಮೂರು ದವಾಖಾನೆ, ಮೂರು ಚೀಟಿ, ಒಂದೇ ಗುಳಿಗೆ

ಈ ಸಲದ ಪ್ರಶ್ನೆಗಳು ರಾಯಚೂರು, ಕೊಪ್ಪಳ ಜಿಲ್ಲೆಯ ಓದುಗರವು. ಉತ್ತರಿಸಿದವರು ಈ ಭಾಗದ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ (ಪಿಎಚ್‌ಸಿ) ದುಡಿದು, ಈಗ ಸಮುದಾಯ ವೈದ್ಯಶಾಸ್ತ್ರ ಕಲಿಸುತ್ತಿರುವ ವೈದ್ಯರು.

ಪ್ರಶ್ನೆ: ಡಾಕ್ಟ್ರೇ, ನಮ್ಮ ಅವ್ವನಿಗೆ 62 ವರ್ಷ. ಬಿ.ಪಿ., ಶುಗರ್ ಎರಡೂ ಇವೆ. ಊರಿನ ಉಪಕೇಂದ್ರದಲ್ಲಿ ಒಂದು ಗುಳಿಗೆ ಕೊಡುತ್ತಾರೆ, ಸಿಂಧನೂರಿನ ಖಾಸಗಿ ಡಾಕ್ಟ್ರು ಇನ್ನೊಂದು ಬರೆದಿದ್ದಾರೆ. ಕಾಲು ಬಾತಿವೆ ಎಂದು ರಾಯಚೂರಿಗೆ ಕರೆದುಕೊಂಡು ಹೋದರೆ ಅಲ್ಲಿ ಮತ್ತೊಂದು. ಹೋದಲ್ಲೆಲ್ಲ ಮೊದಲಿಂದ ಹೇಳಬೇಕು. ಎಲ್ಲರೂ ಒಂದೇ ಲೆಕ್ಕ ನೋಡುವುದು ಯಾವಾಗ? (ಸಿಂಧನೂರು ತಾಲ್ಲೂಕು)

ಉತ್ತರ: ‘ಕಾಲು ಬಾತಿವೆ’ ಎಂದು ಓದಿದ ಕೂಡಲೇ ನನಗೆ ಒಬ್ಬ ಅಜ್ಜಿ ನೆನಪಾದರು. ಹತ್ತಿ ಬೀಜದ ಹಳೇ ಚೀಲವೊಂದನ್ನು ಮಡಚಿ ಕಂಕುಳಲ್ಲಿ ಇಟ್ಟುಕೊಂಡು ಬಂದಿದ್ದರು. ಮೇಜಿನ ಮೇಲೆ ಸುರುವಿದರೆ ಮೂರು ದವಾಖಾನೆಯ ಚೀಟಿ, ಐದು ಸ್ಟ್ರಿಪ್ ಗುಳಿಗೆ. ಎರಡು ಸ್ಟ್ರಿಪ್‌ಗಳ ಮೇಲೆ ಬೇರೆ ಬೇರೆ ಕಂಪನಿಯ ದೊಡ್ಡ ಹೆಸರು. ಅದರ ಕೆಳಗಿನ ಸಣ್ಣ ಅಕ್ಷರ ಓದಿದರೆ ಎರಡರಲ್ಲೂ ಇದ್ದದ್ದು ಬಿ.ಪಿ.ಯ ಒಂದೇ ಔಷಧ, ಅಮ್ಲೋಡಿಪಿನ್! ಮುಂಜಾನೆ ಒಂದು, ರಾತ್ರಿ ಒಂದು ಅಂತ ನುಂಗುತ್ತಿದ್ದರು. ಈ ಔಷಧ ಹೆಚ್ಚಾದರೆ ಪಾದ ಬಾತುಕೊಳ್ಳುತ್ತದೆ, ಎಲ್ಲ ವೈದ್ಯರಿಗೂ ಗೊತ್ತಿರುವ ಸಂಗತಿ. ಆ ಬಾವು ಇಳಿಸಲು ಮೂರನೆಯ ಕಡೆ ಮೂತ್ರ ಹೆಚ್ಚಿಸುವ ಗುಳಿಗೆ ಸೇರಿಸಿದ್ದರು. ಮೂರೂ ಚೀಟಿ ತಮ್ಮಷ್ಟಕ್ಕೆ ಸರಿಯಾಗಿಯೇ ಇದ್ದವು. ಚೀಲವನ್ನು ಪೂರ್ತಿ ಸುರುವಿ ನೋಡಿದವರು ಯಾರೂ ಇರಲಿಲ್ಲ.

ನಿಮ್ಮ ತಾಯಿಯವರದೂ ಇದೇ ಕಥೆ ಎಂದು ನಾನು ಹೇಳುತ್ತಿಲ್ಲ. ಕಾಲು ಬಾತುಕೊಳ್ಳಲು ಹೃದಯ, ಕಿಡ್ನಿಯ ತೊಂದರೆಯೂ ಕಾರಣವಾಗಬಹುದು. ಆದ್ದರಿಂದ ಯಾವ ಗುಳಿಗೆಯನ್ನೂ ನೀವಾಗಿಯೇ ನಿಲ್ಲಿಸಬೇಡಿ. ಮನೆಯಲ್ಲಿರುವ ಎಲ್ಲ ಸ್ಟ್ರಿಪ್, ಎಲ್ಲ ಚೀಟಿ, ಖಾಲಿಯಾದ ಸ್ಟ್ರಿಪ್ ಕೂಡ ಒಂದೇ ಚೀಲಕ್ಕೆ ಹಾಕಿಕೊಂಡು ಈ ವಾರವೇ ನಿಮ್ಮ ಪಿಎಚ್‌ಸಿ ವೈದ್ಯರ ಮುಂದೆ ಇಡಿ. ಕಂಪನಿಯ ಹೆಸರು ಬಿಟ್ಟು ಔಷಧದ ಹೆಸರನ್ನೇ ಒಂದು ಹಾಳೆಯಲ್ಲಿ ಬರೆಸಿಕೊಳ್ಳಿ. ಮುಂದೆ ಎಲ್ಲಿಗೇ ಹೋದರೂ ಆ ಹಾಳೆ ಮೊದಲು ತೋರಿಸಿ.

ಆಭಾ ಕಾರ್ಡ್ ಇದೆಯಲ್ಲ ಎಂದು ನೀವು ಕೇಳಬಹುದು. ಅದು 14 ಅಂಕಿಯ ಒಂದು ಗುರುತಿನ ಸಂಖ್ಯೆ ಅಷ್ಟೆ. ದವಾಖಾನೆಯವರು ಚೀಟಿ, ಲ್ಯಾಬ್ ವರದಿಗಳನ್ನು ಆ ಸಂಖ್ಯೆಗೆ ಜೋಡಿಸಿದರೆ ಮಾತ್ರ ಇನ್ನೊಬ್ಬರಿಗೆ ಕಾಣುತ್ತವೆ. ಜೋಡಿಸಿ ಎಂದು ಕೇಳಿ, ಆದರೆ ಹಾಳೆ ಕೈಬಿಡಬೇಡಿ.

ಕಾರ್ಡಿಗಿಂತ ನಾನು ಹೆಚ್ಚು ನಂಬುವುದು ಗುರುತಿರುವ ಮನುಷ್ಯರನ್ನು. ನಾರ್ವೆಯಲ್ಲಿ ಹೆಚ್ಚುಕಡಿಮೆ ಪ್ರತಿಯೊಬ್ಬರ ಹೆಸರೂ ಒಬ್ಬ ಕುಟುಂಬ ವೈದ್ಯರ ಪಟ್ಟಿಯಲ್ಲಿರುತ್ತದೆ. ಅಲ್ಲಿನ ಸುಮಾರು 45 ಲಕ್ಷ ಜನರ ದಾಖಲೆ ನೋಡಿದ ಅಧ್ಯಯನವೊಂದು 2022ರಲ್ಲಿ ಪ್ರಕಟವಾಯಿತು. 15 ವರ್ಷಕ್ಕಿಂತ ಹೆಚ್ಚು ಕಾಲ ಒಬ್ಬರೇ ವೈದ್ಯರ ಬಳಿ ಹೋಗುತ್ತಿದ್ದವರು ತುರ್ತಾಗಿ ಆಸ್ಪತ್ರೆ ಸೇರುವುದು, ವರ್ಷದ ಹಿಂದಷ್ಟೇ ವೈದ್ಯರನ್ನು ಬದಲಿಸಿದವರಿಗಿಂತ ಶೇ 28ರಷ್ಟು ಕಡಿಮೆ, ಸಾವು ಶೇ 25ರಷ್ಟು ಕಡಿಮೆ. ಆ ಅಂಕಿಯನ್ನು ಹಾಗೆಯೇ ತಂದು ಸಿಂಧನೂರಿಗೆ ಅಂಟಿಸಲಾಗದು. ಆದರೂ ನಿಮ್ಮ ಉಪಕೇಂದ್ರದ ಸಿಸ್ಟರ್ ತಾಯಿಯವರ ಮುಖ ನೋಡಿದೊಡನೆ ‘ಹೋದ ತಿಂಗಳು ಬರಲಿಲ್ಲ ಯಾಕವ್ವ?’ ಎಂದು ಕೇಳುತ್ತಾರಾದರೆ ಅದು ಸಣ್ಣ ವಿಷಯವಲ್ಲ.

ಪ್ರಶ್ನೆ: ನಾನು ಉಪಕೇಂದ್ರದಲ್ಲಿ ಸಮುದಾಯ ಆರೋಗ್ಯ ಅಧಿಕಾರಿ. ಗರ್ಭಿಣಿ, ಲಸಿಕೆ, ಬಿ.ಪಿ., ಶುಗರ್, ಕ್ಯಾನ್ಸರ್ ತಪಾಸಣೆ, ಕ್ಷಯ, ಕಣ್ಣು, ಹಲ್ಲು, ಮಾನಸಿಕ ಆರೋಗ್ಯ ಎಲ್ಲವೂ ನಮ್ಮಲ್ಲೇ ಸಿಗಬೇಕು ಎನ್ನುತ್ತಾರೆ. ಒಪ್ಪುತ್ತೇನೆ. ಆದರೆ ಒಂದೊಂದಕ್ಕೂ ಒಂದೊಂದು ಪೋರ್ಟಲ್. ಎದುರಿಗೆ ರೋಗಿ ಕೂತಿರುತ್ತಾರೆ, ನಾನು ಮೊಬೈಲ್ ನೋಡುತ್ತಿರುತ್ತೇನೆ. ಸೇವೆಗಳ ಜೋಡಣೆ ಅಂದರೆ ಇದೇನಾ? (ಕುಷ್ಟಗಿ ತಾಲ್ಲೂಕು)

ಉತ್ತರ: ಇದಲ್ಲ. ನಿಮ್ಮ ಅಸಮಾಧಾನಕ್ಕೆ ಸಂಶೋಧನೆಯ ಆಧಾರವೂ ಇದೆ. ಬಡ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ ಪ್ರಾಥಮಿಕ ಆರೋಗ್ಯ ಸೇವೆಗಳನ್ನು ಜೋಡಿಸಿದ ಒಂಬತ್ತು ಅಧ್ಯಯನಗಳನ್ನು ಒಟ್ಟಿಗಿಟ್ಟು ತೂಗಿದ ಪರಿಶೀಲನೆಯೊಂದು ಕಾಕ್ರೇನ್ ಎಂಬ ಅಂತರರಾಷ್ಟ್ರೀಯ ಸಂಶೋಧಕರ ಕೂಟದಿಂದ 2011ರಲ್ಲಿ ಬಂತು. ಇರುವ ಸೇವೆಗೆ ಇನ್ನೊಂದನ್ನು ಸೇರಿಸಿದರೆ ಅದನ್ನು ಬಳಸುವ ಜನ ಹೆಚ್ಚಬಹುದು. ಎಲ್ಲವನ್ನೂ ಒಂದೇ ಕೈಗೆ ಕೊಟ್ಟ ಮಾತ್ರಕ್ಕೆ ಜನರ ಆರೋಗ್ಯ ಸುಧಾರಿಸಿತು ಎನ್ನಲು ಪುರಾವೆ ಸಿಗಲಿಲ್ಲ. ಕೆಲಸ ಸೇರಿತು, ಬೆಂಬಲ ಸೇರಲಿಲ್ಲ ಎಂದರೆ ಹೀಗೇ ಆಗುತ್ತದೆ ಎಂಬುದು ನನ್ನ ಅಭಿಪ್ರಾಯ.

ಬೆಂಬಲ ಸೇರಿದರೆ ಏನಾಗುತ್ತದೆ ಎಂಬುದನ್ನು ನೋಡಲು ದೂರ ಹೋಗಬೇಕಿಲ್ಲ, ಪಕ್ಕದ ಬಳ್ಳಾರಿಯೇ ಇದೆ. 1985ರಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ಒಂದು ಪ್ರಯೋಗ ಶುರುಮಾಡಿತು. ಮನೋರೋಗಕ್ಕೆ ಬೆಂಗಳೂರಿನ ಬಸ್ಸು ಹತ್ತುವ ಬದಲು ಚಿಕಿತ್ಸೆ ಪಿಎಚ್‌ಸಿಯಲ್ಲೇ ಸಿಗಬೇಕು ಎಂಬುದು ಅದರ ಗುರಿ. ಪಿಎಚ್‌ಸಿ ವೈದ್ಯರಿಗೂ ಆರೋಗ್ಯ ಸಹಾಯಕ, ಸಹಾಯಕಿಯರಿಗೂ ತರಬೇತಿ ಕೊಟ್ಟರು. ಬೇಕಾದ ಕೆಲವೇ ಔಷಧಗಳನ್ನು ಕೇಂದ್ರದಲ್ಲೇ ಇಟ್ಟರು. ಸರಳವಾದ ಒಂದು ರೋಗಿ ದಾಖಲೆ, ತಿಂಗಳಿಗೊಂದು ವರದಿ. ಕಷ್ಟದ ಪ್ರಕರಣ ಬಂದರೆ ಕೇಳಲು ಜಿಲ್ಲಾ ಮಟ್ಟದಲ್ಲಿ ಮನೋವೈದ್ಯರು. ಈ ನಾಲ್ಕೂ ಒಟ್ಟಿಗೆ ಇದ್ದವು ಎಂಬುದನ್ನು ಗಮನಿಸಿ. ಬಳ್ಳಾರಿ ಮಾದರಿ ಎಂದೇ ಹೆಸರಾಗಿ, 1996ರಲ್ಲಿ ರಾಷ್ಟ್ರೀಯ ಮಟ್ಟದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ತಳಹದಿಯಾಯಿತು. ಬೇರೆ ಜಿಲ್ಲೆಗಳಿಗೆ ಹಬ್ಬುವಾಗ ತರಬೇತಿ ಮಾತ್ರ ಹೋಯಿತು, ತಿಂಗಳು ತಿಂಗಳು ಬೆನ್ನಿಗೆ ನಿಲ್ಲುವ ವ್ಯವಸ್ಥೆ ಎಷ್ಟೋ ಕಡೆ ಹೋಗಲಿಲ್ಲ ಎಂಬ ಟೀಕೆ ಆಗಿನಿಂದಲೂ ಇದೆ. ನನಗೂ ಹಾಗೇ ಅನ್ನಿಸುತ್ತದೆ.

ಎರಡನೆಯ ಉದಾಹರಣೆಯೂ ನಮ್ಮ ಭಾಗದ್ದೇ. ಬಳ್ಳಾರಿ ಮತ್ತು ಕಲಬುರಗಿ ಜಿಲ್ಲೆಗಳ 108 ಪಿಎಚ್‌ಸಿಗಳಲ್ಲಿ ನಡೆದ ಅಧ್ಯಯನ, 2016ರಲ್ಲಿ ಪ್ರಕಟವಾಯಿತು. ಅರ್ಧದಷ್ಟು ಕೇಂದ್ರಗಳಿಗೆ ಅನುಭವಿ ನರ್ಸ್‌ಗಳನ್ನು ಮಾರ್ಗದರ್ಶಕರಾಗಿ ಕಳಿಸಿದರು. ಅವರು ಬಂದು ಭಾಷಣ ಮಾಡಿ ಹೋಗಲಿಲ್ಲ. ಹೆರಿಗೆ ಕೋಣೆಯಲ್ಲಿ ಜೊತೆಗೆ ನಿಂತರು, ಕೇಸ್ ಶೀಟ್ ತಿರುವಿ ಹಾಕಿದರು, ಇಲ್ಲದ ಔಷಧ, ಕೆಟ್ಟ ಉಪಕರಣಗಳ ಪಟ್ಟಿ ಮಾಡಿ ವೈದ್ಯರೊಂದಿಗೆ ಕೂತು ಮಾತಾಡಿದರು. ಆ ಕೇಂದ್ರಗಳ ನರ್ಸ್‌ಗಳು ತಿಳಿವಳಿಕೆಯಲ್ಲೂ ಹೆರಿಗೆಯ ತೊಡಕು ಎದುರಿಸುವ ಸಿದ್ಧತೆಯಲ್ಲೂ ಉಳಿದ ಕೇಂದ್ರಗಳಿಗಿಂತ ಮುಂದಿದ್ದರು. ತಪ್ಪು ಹುಡುಕಲು ಬರುವ ಮೇಲಧಿಕಾರಿಗೂ, ಕೈ ಹಿಡಿದು ತೋರಿಸುವ ಹಿರಿಯ ಸಿಸ್ಟರಿಗೂ ಎಷ್ಟು ವ್ಯತ್ಯಾಸವೆಂದು ನಿಮಗೆ ನಾನು ಹೇಳಬೇಕಾಗಿಲ್ಲ.

ಹಾಗಾದರೆ ನೀವು ಏನು ಕೇಳಬೇಕು? ಮುಂದಿನ ತಿಂಗಳ ಪಿಎಚ್‌ಸಿ ಸಭೆಗೆ ಒಬ್ಬ ರೋಗಿಯ ಮಾಹಿತಿಯನ್ನು ಎಷ್ಟು ಕಡೆ ತುಂಬಿದಿರಿ ಎಂಬುದನ್ನು ಬರೆದುಕೊಂಡು ಹೋಗಿ. ಹೆಸರು, ವಯಸ್ಸು, ಫೋನ್ ನಂಬರ್ ಮೂರು ಸಲ ಬರೆದಿದ್ದರೆ ಮೂರನ್ನೂ ತೋರಿಸಿ. ‘ಕೆಲಸ ಜಾಸ್ತಿ’ ಎಂದರೆ ಯಾರೂ ಕಿವಿಗೊಡುವುದಿಲ್ಲ. ಕಾಗದ ಮುಂದಿಟ್ಟರೆ ವೈದ್ಯಾಧಿಕಾರಿಗೆ ಮೇಲಿನವರ ಜೊತೆ ಮಾತಾಡಲು ಒಂದು ಹಿಡಿತ ಸಿಗುತ್ತದೆ. ಅನುಮಾನ ಬಂದಾಗ ಫೋನ್ ಮಾಡಲು ಒಬ್ಬ ವೈದ್ಯರ ಹೆಸರು, ಹೊತ್ತು ಗೊತ್ತುಮಾಡಿಸಿಕೊಳ್ಳಿ. ವೈದ್ಯರನ್ನು ಆನ್‌ಲೈನ್‌ನಲ್ಲಿ ಕೇಳುವ ಸರ್ಕಾರದ ಇ-ಸಂಜೀವಿನಿ ಇದೆ, ಆದರೆ ಪರಿಚಯದ ದನಿಗೆ ಇರುವ ಧೈರ್ಯ ಬೇರೆ.

ಒಂದು ಸಣ್ಣ ಉಪಾಯ, ನನ್ನ ಹಳೆಯ ಸಹೋದ್ಯೋಗಿಯೊಬ್ಬರಿಂದ ಕಲಿತದ್ದು. ಬಿ.ಪಿ. ನೋಡುವ ಮೊದಲು ರೋಗಿ ಐದು ನಿಮಿಷ ಬೆನ್ನು ಆನಿಸಿ, ಪಾದ ನೆಲಕ್ಕೂರಿ ಸುಮ್ಮನೆ ಕೂರಬೇಕಲ್ಲ. ಮೊಬೈಲ್ ಕೆಲಸವನ್ನೆಲ್ಲ ಆ ಐದು ನಿಮಿಷದಲ್ಲೇ ಮುಗಿಸುತ್ತಿದ್ದರು. ಆಮೇಲೆ ಫೋನ್ ಡ್ರಾಯರಿಗೆ. ಪಟ್ಟಿ ಕಟ್ಟುವಾಗ, ‘ಗುಳಿಗೆ ಮುಗಿದು ಎಷ್ಟು ದಿನ ಆತು?’ ಎಂದು ಮುಖ ನೋಡಿ ಕೇಳುತ್ತಿದ್ದರು. ಬಹಳ ಮಂದಿ ನಿಜ ಹೇಳುತ್ತಿದ್ದದ್ದು ಆ ಹೊತ್ತಿನಲ್ಲೇ.

ಇನ್ನು ನೀವು ಅಲ್ಲೇ ಉಳಿಯುವ ಮಾತು. ಹಳ್ಳಿಯಲ್ಲಿ ಬೆಳೆದವರನ್ನು ಓದಿಸಿದರೆ ಅವರು ಹಳ್ಳಿಯಲ್ಲಿ ಉಳಿಯುವ ಸಂಭವ ಹೆಚ್ಚು ಎಂದು ವಿಶ್ವ ಆರೋಗ್ಯ ಸಂಸ್ಥೆಯ 2021ರ ಮಾರ್ಗಸೂಚಿ ಹೇಳುತ್ತದೆ. ಇರಲು ಮನೆ, ಸುರಕ್ಷತೆ, ಮುಂದಿನ ಓದಿಗೆ ದಾರಿಯೂ ಬೇಕು ಎನ್ನುತ್ತದೆ. ಸಂವಿಧಾನದ 371(ಜೆ) ವಿಧಿಯ ಮೀಸಲಾತಿ ಬಂದ ಮೇಲೆ ನಮ್ಮ ಭಾಗದ ಮಕ್ಕಳಿಗೆ ವೈದ್ಯಕೀಯ ಸೀಟು ಸಿಗುತ್ತಿವೆ. ನೀರು ಬಾರದ ವಸತಿಗೃಹ, ರಾತ್ರಿ ಒಂಟಿಯಾಗಿ ಹೆರಿಗೆ ನೋಡುವ ಭಯ ಹಾಗೇ ಇದ್ದರೆ ಅವರನ್ನು ಇಲ್ಲಿ ಯಾವುದು ಹಿಡಿದಿಟ್ಟೀತು? ಇದನ್ನು ಗ್ರಾಮ ಪಂಚಾಯಿತಿಯವರೂ ತಮ್ಮ ಕೆಲಸವೆಂದು ನೋಡಬೇಕು.

ಪ್ರಶ್ನೆ: ನಮ್ಮ ಮನೆಯವರಿಗೆ ಟಿ.ಬಿ. ಗುಳಿಗೆ ಶುರುವಾಗಿ ಎರಡು ತಿಂಗಳಾತು. ಈಗ ಬೆಂಗಳೂರಿಗೆ ಗುಳೆ ಹೋಗಬೇಕು. ನನಗೆ ಬಿ.ಪಿ. ಇದೆ. ಅಲ್ಲಿ ಗುಳಿಗೆ ಯಾರು ಕೊಡುತ್ತಾರ್ರಿ? (ದೇವದುರ್ಗ ತಾಲ್ಲೂಕು)

ಉತ್ತರ: ತಾಯಿ, ಹೊರಡುವ ಒಂದು ವಾರ ಮೊದಲೇ ನಿಮ್ಮ ಆಶಾ ಕಾರ್ಯಕರ್ತೆಗೆ ತಿಳಿಸಿ. ಯಜಮಾನರ ಹೆಸರಿಗೆ ನಿಕ್ಷಯ್ ಸಂಖ್ಯೆ, ಅಂದರೆ ಸರ್ಕಾರದ ಟಿ.ಬಿ. ದಾಖಲೆಯ ಸಂಖ್ಯೆ ಇರುತ್ತದೆ. ಬೆಂಗಳೂರಿನಲ್ಲಿ ಯಾವ ಕಡೆ ಇರುತ್ತೀರಿ ಎಂದು ಹೇಳಿದರೆ ಅಲ್ಲಿನ ಸರ್ಕಾರಿ ಕೇಂದ್ರಕ್ಕೆ ವರ್ಗ ಮಾಡಿಕೊಡುತ್ತಾರೆ. ಚಿಕಿತ್ಸೆ ಅದೇ ಮುಂದುವರಿಯುತ್ತದೆ, ಹೊಸದಾಗಿ ಶುರುಮಾಡಬೇಕಿಲ್ಲ. ಪೌಷ್ಟಿಕ ಆಹಾರಕ್ಕೆ ತಿಂಗಳಿಗೆ 1,000 ರೂಪಾಯಿಯೂ ಬ್ಯಾಂಕ್ ಖಾತೆಗೇ ಬರುತ್ತದೆ. ಕೆಮ್ಮು ನಿಂತಿತೆಂದು ಗುಳಿಗೆ ಬಿಡುವಂತಿಲ್ಲ. ಡಾಕ್ಟ್ರು ಸಾಕು ಎನ್ನುವವರೆಗೂ ನುಂಗಬೇಕು. ಅವರ ಶುಗರ್ ಪರೀಕ್ಷೆ ಆಗಿದೆಯೇ ಕೇಳಿ. ಟಿ.ಬಿ. ಇದ್ದವರೆಲ್ಲರಿಗೂ ಅದನ್ನು ಮಾಡಬೇಕೆಂಬ ನಿಯಮವಿದೆ.

ನಿಮ್ಮ ಬಿ.ಪಿ.ಗೆ ಅಂಥ ವರ್ಗಾವಣೆಯ ವ್ಯವಸ್ಥೆ ಇನ್ನೂ ಅಷ್ಟು ಗಟ್ಟಿಯಾಗಿಲ್ಲ. ಗುಳೆ ಹೋಗುತ್ತೇವೆ ಎಂದು ಹೇಳಿಯೇ ಉಪಕೇಂದ್ರದಲ್ಲಿ ಕನಿಷ್ಠ ಒಂದು ತಿಂಗಳ ಗುಳಿಗೆ ಕೇಳಿ. ಔಷಧದ ಹೆಸರು, ಎಷ್ಟು ಮಿಲಿಗ್ರಾಂ ಎಂಬುದನ್ನು ಬರೆಸಿಕೊಂಡು ಫೋನಿನಲ್ಲೂ ಫೋಟೊ ತೆಗೆದಿಟ್ಟುಕೊಳ್ಳಿ. ಬೆಂಗಳೂರಿನಲ್ಲಿ ಕೆಲಸದ ಜಾಗದ ಹತ್ತಿರ ಸರ್ಕಾರಿ ದವಾಖಾನೆ ‘ನಮ್ಮ ಕ್ಲಿನಿಕ್’ ಎಲ್ಲಿದೆ ಎಂದು ಹೋದ ಮೊದಲ ಭಾನುವಾರವೇ ಮೇಸ್ತ್ರಿಯನ್ನೋ ಅಕ್ಕಪಕ್ಕದವರನ್ನೋ ಕೇಳಿ ನೋಡಿಟ್ಟುಕೊಳ್ಳಿ. ಗುಳಿಗೆ ಒಂದು ವಾರಕ್ಕಾಗುವಷ್ಟು ಉಳಿದಿರುವಾಗಲೇ ಆ ಹಾಳೆ ಹಿಡಿದು ಅಲ್ಲಿಗೆ ಹೋಗಿ.