ಇಷ್ಟದ ಕಾದಂಬರಿಗಳು ಯಾವುವು? ಆರಾಮ್ ಜೀವನಕ್ಕೆ ಅಂತ ಫಾರಿನ್‌ಗೆ ಹೋಗ್ಬಹುದಾ?

ಎರಡು ಪ್ರಶ್ನೆ ಒಟ್ಟಿಗೇ ಕೇಳಿದ್ದೀರ, ಒಳ್ಳೆ ಕಾದಂಬರಿ ಹೇಳಿ ಅಂತ ಒಂದು, ಈ ಒದ್ದಾಟ ಸಾಕಾಗಿದೆ ಬೇರೆ ದೇಶಕ್ಕೆ ಹೋಗಿ ಆರಾಮಾಗಿ ಇರೋಣ ಅನ್ನಿಸ್ತಿದೆ ಹೋದೋರು ಯಾರಾದ್ರೂ ಹೇಳಿ ಅಂತ ಇನ್ನೊಂದು. ನಾನು ಹೋದೋನು. ನೆದರ್‌ಲ್ಯಾಂಡ್ಸ್‌ಗೆ ಬಂದು ಏಳನೇ ವರ್ಷ ನಡೀತಿದೆ. ಮೊದಲು ಆ ಕಥೆ ಹೇಳ್ತೀನಿ, ಪುಸ್ತಕಗಳು ನಡುನಡುವೆ ತಾವೇ ಬರ್ತವೆ.

ಆರಾಮ್ ಇದೆಯಾ ಅಂದ್ರೆ ಇದೆ, ಸುಳ್ಳು ಹೇಳಲ್ಲ. ಇಲ್ಲಿನ ಜನ ಹುಟ್ಟಾ ನಿಧಾನಸ್ಥರು ಅಂದ್ಕೊಂಡಿದ್ದೆ, ಆಮೇಲೆ ಗೊತ್ತಾಯ್ತು ಅದರಲ್ಲಿ ದೊಡ್ಡ ಪಾಲು ಕಾನೂನಿಂದು. 2000ದಲ್ಲೇ ಒಂದು ಕಾನೂನು ಮಾಡಿದ್ರು, ತೀರಾ ಚಿಕ್ಕ ಕಂಪನಿ ಬಿಟ್ರೆ ಬೇರೆ ಎಲ್ಲಾ ಕಡೆ ನೌಕರ ನನ್ನ ಕೆಲಸದ ಗಂಟೆ ಕಮ್ಮಿ ಮಾಡಿ ಅಂತ ಕೇಳ್ಬಹುದು, ಆಗಲ್ಲ ಅನ್ನೋಕೆ ಕಂಪನಿ ಗಟ್ಟಿ ಕಾರಣ ಕೊಡ್ಬೇಕು. ಅದಕ್ಕೇ ವಾರಕ್ಕೆ ನಾಲ್ಕೇ ದಿನ ಕೆಲಸ ಮಾಡೋರು ಎಲ್ಲಿ ನೋಡಿದ್ರೂ ಸಿಗ್ತಾರೆ, ದೇಶದ ಸರಾಸರಿನೇ ವಾರಕ್ಕೆ 32 ಗಂಟೆ ಆಸುಪಾಸು. ಅಪ್ಪಂದಿರು ಮಗು ನೋಡ್ಕೊಳ್ಳೋಕೆ ತಗೊಳ್ಳೋ ದಿನಕ್ಕೆ 'ಪಾಪಾದಾಖ್' ಅಂತ ಹೆಸರು ಬೇರೆ ಇಟ್ಟಿದ್ದಾರೆ. ಐದು ದಿನ ಕೆಲಸ ಮಾಡೋರಿಗೆ ವರ್ಷಕ್ಕೆ ಕಮ್ಮಿ ಅಂದ್ರೂ 20 ದಿನ ಸಂಬಳದ ರಜೆ ಕೊಡಲೇಬೇಕು.

ನಾನೂ ಎರಡು ವರ್ಷ ಆದ್ಮೇಲೆ ಧೈರ್ಯ ಮಾಡಿ ಬುಧವಾರ ರಜೆ ಮಾಡ್ಕೊಂಡೆ, ಸಂಬಳನೂ ನಾಲ್ಕೇ ದಿನದ್ದು ಅನ್ನಿ. ತಮಾಷೆ ಏನಂದ್ರೆ ಮೊದಲ ಮೂರು ತಿಂಗಳು ಬುಧವಾರ ಬಂದ್ರೆ ಕೈಕಾಲು ಆಡ್ತಿರ್ಲಿಲ್ಲ. ಬೆಳಿಗ್ಗೆ ಎದ್ದು ಮನೆ ಗುಡಿಸೋದು, ಫೋನ್ ನೋಡೋದು, ಹನ್ನೊಂದಕ್ಕೆಲ್ಲಾ ಲ್ಯಾಪ್‌ಟಾಪ್ ತೆಗೆದು ಕೂರೋದು. ಒಂದಿನ ಮ್ಯಾನೇಜರ್ ಕರೆದು, ಬುಧವಾರ ನಿನ್ನ ಮೇಲ್ ಬಂದಿತ್ತಲ್ಲ ಯಾಕೆ ಅಂತ ಕೇಳಿದ್ರು, ಹೊಗಳ್ತಾರೆ ಅಂತ ಕಾಯ್ತಾ ಇದ್ರೆ ಬೈದ್ರು. ಆರಾಮಾಗಿ ಇರೋದಕ್ಕೂ ಅಭ್ಯಾಸ ಬೇಕು ಮಾರಾಯ್ರೇ, ಹದಿನೈದು ವರ್ಷ ಓಡಿದ ಕಾಲು ವೀಸಾ ಸ್ಟಾಂಪ್ ನೋಡಿ ನಿಲ್ಲಲ್ಲ.

ಆಗ ಕೈಗೆತ್ತಿಕೊಂಡಿದ್ದು ಮಲೆಗಳಲ್ಲಿ ಮದುಮಗಳು. ಕುವೆಂಪು ಅವರದ್ದು, 1967ರದ್ದು, ತಲೆದಿಂಬಿನಷ್ಟು ದಪ್ಪ, ಅದಕ್ಕೆ ಮುಂಚೆ ಮೂರು ಸಲ ಶುರು ಮಾಡಿ ಬಿಟ್ಟಿದ್ದೆ. ಕಥೆ ಎಲ್ಲಿಗೆ ಹೋಗ್ತಿದೆ ಅಂತ ಹುಡುಕ್ತಾ ಹೋದ್ರೆ ಅದು ನಿಮ್ಮನ್ನ ಒಳಗೇ ಬಿಡಲ್ಲ, ಗುತ್ತಿ ಅನ್ನೋನು ಹುಲಿಯ ಅನ್ನೋ ಹೆಸರಿನ ತನ್ನ ನಾಯಿನ ಕಟ್ಕೊಂಡು ಕಾಡಲ್ಲಿ ನಡೀತಾ ಇರ್ತಾನೆ, ಸುಮ್ನೆ ಹಿಂದೆ ನಡೀಬೇಕು ಅಷ್ಟೇ. ಐದಾರು ತಿಂಗಳ ಬುಧವಾರಗಳು ಅದಕ್ಕೇ ಹೋದವು, ಲ್ಯಾಪ್‌ಟಾಪ್ ತೆಗೆಯೋ ಚಟ ಬಿಟ್ಟಿದ್ದೂ ಆಗಲೇ.

ಕಾರಂತರ ಬೆಟ್ಟದ ಜೀವ (1943) ಎಲ್ಲರೂ ರೆಕಮೆಂಡ್ ಮಾಡ್ತಾರೆ, ಅದನ್ನ ಓದಿ ಕೆಲಸ ಬಿಟ್ಟು ಬೆಟ್ಟ ಹತ್ತೋ ಕನಸು ಕಾಣೋರೂ ತುಂಬಾ ಜನ. ಸ್ವಲ್ಪ ತಾಳ್ಮೆಯಿಂದ ಓದಿ ನೋಡಿ, ಅದರ ಮುಖ್ಯ ಪಾತ್ರ, ವಯಸ್ಸಾದ ಗೋಪಾಲಯ್ಯ, ಎಲ್ಲಿ ಆರಾಮಾಗಿದ್ದಾರೆ? ಆ ವಯಸ್ಸಲ್ಲೂ ಕಾಡು ಕಡಿದು ತೋಟ ಮಾಡೋದು, ಆನೆ ಹುಲಿ ಕಾಟ, ಒಂದು ದಿನ ಸುಮ್ನೆ ಕೂತ ಮನುಷ್ಯ ಅಲ್ಲ. ಆದ್ರೂ ಅವರ ಮಾತಲ್ಲಿ ಧಾವಂತ ಇಲ್ಲ. ನಮಗೆ ಬೇಕಾಗಿರೋದು ಕೆಲಸ ಇಲ್ದೇ ಇರೋದಾ ಅಥವಾ ಧಾವಂತ ಇಲ್ದೇ ಇರೋದಾ ಅಂತ ನನಗೆ ಡೌಟ್ ಬಂದಿದ್ದೇ ಅಲ್ಲಿ. ಇನ್ನೊಂದು ವಿಷಯ, ಅದರಲ್ಲಿ ಗೋಪಾಲಯ್ಯನವರ ಮನೆ ಬಿಟ್ಟು ಹೋದ ಮಗ ಒಬ್ಬ ಇದ್ದಾನೆ, ಶಂಭು. ಕಾಲೇಜಲ್ಲಿ ಓದಿದಾಗ ಅವನ ಮೇಲೆ ಬರೀ ಸಿಟ್ಟು ಬಂದಿತ್ತು, ಇಲ್ಲಿ ಕೂತು ಓದಿದಾಗ ಅವನ ಅಮ್ಮ ಶಂಕರಮ್ಮ ಅವನನ್ನ ನೆನೆಸ್ಕೊಳ್ಳೋ ಕಡೆ ಪುಸ್ತಕ ಮುಚ್ಚಿಟ್ಟು ಅಮ್ಮಂಗೆ ಫೋನ್ ಮಾಡಿದೆ. ಹೋಗೋ ಮುಂಚೆ ಓದಿ, ಹೋದ್ಮೇಲೆ ಇನ್ನೊಂದ್ಸಲ ಓದಿ.

ಈಗ ಯಾರೂ ಬಾಯಿ ಬಿಟ್ಟು ಹೇಳದ ಭಾಗ. ನನ್ನ ಥರ ಸ್ಕಿಲ್ಡ್ ಮೈಗ್ರಂಟ್ ವೀಸಾದಲ್ಲಿ ಬಂದ್ರೆ ಪರ್ಮಿಟ್ ಕಂಪನಿಗೆ ಅಂಟ್ಕೊಂಡಿರುತ್ತೆ, ಕೆಲಸ ಹೋದ್ರೆ ಹೊಸದು ಹುಡುಕೋಕೆ ಹೆಚ್ಚು ಅಂದ್ರೆ 3 ತಿಂಗಳು. ಸಂಬಳಕ್ಕೂ ಒಂದು ಕನಿಷ್ಠ ಮಿತಿ ಇದೆ, ಗಂಟೆ ಕಮ್ಮಿ ಮಾಡೋ ಮುಂಚೆ ಅದನ್ನೂ ಲೆಕ್ಕ ಹಾಕ್ಬೇಕು, ನಾಲ್ಕು ದಿನದ ಸಂಬಳ ಮಿತಿಗಿಂತ ಕೆಳಗೆ ಇಳಿದ್ರೆ ಪರ್ಮಿಟ್ಟೇ ಹೋಗ್ಬಹುದು. ಇಲ್ಲೇ ಇರೋಕೆ ಪರ್ಮನೆಂಟ್ ಪರ್ಮಿಟ್ ಸಿಗೋಕೆ 5 ವರ್ಷ, ಜೊತೆಗೆ ಡಚ್ ಭಾಷೆ ಪರೀಕ್ಷೆ. ಪಕ್ಕದ ಡೆಸ್ಕಲ್ಲಿ ಕೂತಿರೋ ಇಲ್ಲಿಯವರು ಐದು ಗಂಟೆಗೆ ಸೈಕಲ್ ಹತ್ತಿ ಹೋಗ್ತಾರಲ್ಲ, ಅದೇ ಐದು ಗಂಟೆಗೆ ನೀವೂ ಹೋಗ್ತೀರ, ಆದ್ರೆ ಹೊಟ್ಟೆಯೊಳಗೆ ಸಣ್ಣ ತಳಮಳ ಇಟ್ಕೊಂಡೇ. ನಮ್ಮ ಆಫೀಸಲ್ಲಿ ಜನ ಕಡಿಮೆ ಮಾಡ್ತಾರೆ ಅಂತ ಸುದ್ದಿ ಹಬ್ಬಿದ ವಾರ ನಾನು ಚಿತ್ತಾಲರ ಶಿಕಾರಿ (1979) ಓದ್ತಿದ್ದೆ, ಅದರಲ್ಲಿ ಮುಂಬಯಿಯ ಕಂಪನಿಯ ನಾಗಪ್ಪನನ್ನ ಸಸ್ಪೆಂಡ್ ಮಾಡಿರ್ತಾರೆ, ಯಾಕೆ ಅಂತ ಅವನಿಗೇ ಗೊತ್ತಿಲ್ಲ, ಯಾರನ್ನ ನೋಡಿದ್ರೂ ಅನುಮಾನ. ರಾತ್ರಿ ನಿದ್ದೆ ಬರ್ಲಿಲ್ಲ. ಆಫೀಸ್ ರಾಜಕೀಯದ ಬಗ್ಗೆ ಕನ್ನಡದಲ್ಲಿ ಅದಕ್ಕಿಂತ ಒಳ್ಳೆ ಕಾದಂಬರಿ ನಾನಂತೂ ಓದಿಲ್ಲ.

ಮನೆ ಸಿಗೋದು ಕಷ್ಟ, ಡಿಸೆಂಬರಲ್ಲಿ ನಾಲ್ಕೂವರೆಗೆಲ್ಲಾ ಕತ್ತಲೆ, ಫ್ರೆಂಡ್ ಮನೆಗೆ ಹೋಗೋಕೂ ಮೂರು ವಾರ ಮುಂಚೆ ಕ್ಯಾಲೆಂಡರಲ್ಲಿ ಜಾಗ ಹುಡುಕ್ಬೇಕು. ಇವೆಲ್ಲಾ ಅಭ್ಯಾಸ ಆಗುತ್ತೆ ಬಿಡಿ.

ಇನ್ನೆರಡು ಪುಸ್ತಕ ಬೇಗ ಹೇಳ್ತೀನಿ. ಶಾಂತಿನಾಥ ದೇಸಾಯಿ ಅವರ ವಿಕ್ಷೇಪ (1971), ಹಳ್ಳಿ ಹುಡುಗ ತನ್ನ ಪರಿಸರದಿಂದ ತಪ್ಪಿಸ್ಕೊಳ್ಳೋಕೆ ಅಂತ ಮುಂಬಯಿಗೆ ಇಂಗ್ಲಿಷ್ ಓದೋಕೆ ಹೋಗಿ ಅಲ್ಲಿಂದ ಇಂಗ್ಲೆಂಡಿಗೆ ಹೋಗ್ತಾನೆ. 'ಇಲ್ಲಿಂದ ಹೋದ್ರೆ ಸಾಕು' ಅನ್ನೋ ಮನಸ್ಥಿತಿಲಿ ಇರೋರು ಟಿಕೆಟ್ ಬುಕ್ ಮಾಡೋ ಮುಂಚೆ ಇದನ್ನ ಓದ್ಬೇಕು. ಇನ್ನೊಂದು ರಷ್ಯಾದ ಗೊಂಚರೋವ್ ಬರೆದ ಒಬ್ಲೊಮೋವ್ (1859), ಕಥಾನಾಯಕ ಮೊದಲ ಭಾಗ ಪೂರ್ತಿ ಹೆಚ್ಚುಕಮ್ಮಿ ಹಾಸಿಗೆ ಬಿಟ್ಟು ಏಳೋದೇ ಇಲ್ಲ, ನಗು ಬರುತ್ತೆ, ಆಮೇಲಾಮೇಲೆ ಅವನ ಮೇಲೆ ವಿಪರೀತ ಪ್ರೀತಿ ಬರುತ್ತೆ, ಸ್ವಲ್ಪ ಭಯನೂ ಆಗುತ್ತೆ.

ನಿಮ್ಮ ಫೀಲ್ಡ್ ಯಾವುದು ಅಂತ ಬರೆದಿಲ್ಲ, ವೀಸಾ ದಾರಿ ಪೂರ್ತಿ ಅದರ ಮೇಲೆ ನಿಂತಿರುತ್ತೆ. ಅಲ್ಲಿವರೆಗೆ ಇರೋ ಕೆಲಸದಲ್ಲೇ ಎರಡು ವಾರ ರಜೆ ಹಾಕಿ, ಮೇಲ್ ಮುಟ್ಟದೆ ಮನೇಲೇ ಇದ್ದು ನೋಡಿ. ಮೂರನೇ ದಿನಕ್ಕೇ ಕೈ ಲ್ಯಾಪ್‌ಟಾಪ್ ಕಡೆ ಹೋದ್ರೆ ಸದ್ಯಕ್ಕೆ ಟಿಕೆಟ್ ಬೇಡ, ಮಲೆಗಳಲ್ಲಿ ಮದುಮಗಳು ತಗೊಳ್ಳಿ.