ಶನಿವಾರದ ಲ್ಯಾಕ್ರಾಸ್ ಮ್ಯಾಚ್‌ಗೆ ಪ್ರಿವ್ಯೂ ಬರೀಬೇಕು, ನಂಗೆ ಕ್ರಿಕೆಟ್ ಬಿಟ್ರೆ ಬೇರೆ ಆಟ ಗೊತ್ತಿಲ್ಲ, ಯಾವ ಐದು ಅಂಕಿಅಂಶ ಹಾಕಿದ್ರೆ ಸಾಕು?

ಅಮೆರಿಕಾದ ಕಾಲೇಜು, ಸ್ಟೂಡೆಂಟ್ ಪೇಪರ್, ಹುಡುಗರ ಲ್ಯಾಕ್ರಾಸ್ ಟೀಮು, ಬುಧವಾರ ಕೈಗೆ ಕೊಟ್ಟು ಶುಕ್ರವಾರ ಕೇಳ್ತಾರೆ. 2017ರ ಮಾರ್ಚ್‌ನಲ್ಲಿ ನಾನು ಇದೇ ಕುರ್ಚಿಯಲ್ಲಿ ಕೂತಿದ್ದೆ. ಹಾಸನದಿಂದ ಹೋಗಿ ಏಳು ತಿಂಗಳಾಗಿತ್ತು, ನ್ಯೂಯಾರ್ಕ್ ರಾಜ್ಯದ ಉತ್ತರಕ್ಕೆ, ಸಿರಾಕ್ಯೂಸ್‌ನಿಂದ ಕಾರಲ್ಲಿ ಒಂದು ಗಂಟೆ ದೂರದ ಒಂದು ಸಣ್ಣ ಕಾಲೇಜು. ಮಾರ್ಚ್ ಆದ್ರೂ ಗ್ರೌಂಡ್ ಪಕ್ಕದಲ್ಲಿ ಮಂಡಿ ಎತ್ತರ ಹಿಮ. ಕೋಲಿನ ತುದಿಯಲ್ಲಿ ಬಲೆ ಕಟ್ಕೊಂಡು ಓಡಾಡೋ ಹುಡುಗರನ್ನ ನಾನು ಜೀವನದಲ್ಲಿ ಮೊದಲು ನೋಡಿದ್ದೇ ಅಲ್ಲಿ. ಪೇಪರ್‌ನಲ್ಲಿ ಮಾಮೂಲಿ ಈ ಆಟದ ಬಗ್ಗೆ ಬರೆಯೋ ಹುಡುಗನಿಗೆ ಜ್ವರ ಬಂತು, ಎಡಿಟರ್ ಹುಡುಗಿ ನನ್ ಕಡೆ ನೋಡಿ "ನೀನು ಕ್ರಿಕೆಟ್ ಬಗ್ಗೆ ಚೆನ್ನಾಗಿ ಮಾತಾಡ್ತೀಯಲ್ಲ, ಇದನ್ನ ಬರಿ" ಅಂದ್ಲು.

ನೀವು ಕೇಳಿರೋದು ಯಾವ ಐದು ಅಂಕಿಅಂಶ ಅಂತ. ನಾನೂ ಅದನ್ನೇ ಕೇಳಿದ್ದೆ. ಅಲ್ಲೇ ತಪ್ಪು ಶುರುವಾಗೋದು, ಅದಕ್ಕೇ ಪಟ್ಟಿ ಕೊಡೋಕೆ ಮುಂಚೆ ಏನಾಯ್ತು ಅಂತ ಹೇಳ್ತೀನಿ, ಸ್ವಲ್ಪ ಉದ್ದ ಆಗುತ್ತೆ.

ಬುಧವಾರ ಸಾಯಂಕಾಲ ಪ್ರಾಕ್ಟೀಸ್‌ಗೆ ಹೋದೆ. ರೆಕಾರ್ಡರ್ ಹಿಡ್ಕೊಂಡು ಸೀದಾ ಹೋಗಿದ್ದು ಟೀಮಿನಲ್ಲಿ ಅತಿ ಹೆಚ್ಚು ಗೋಲ್ ಹೊಡೆದಿದ್ದ ಅಟ್ಯಾಕರ್ ಹತ್ರ. ಅವನು ಎರಡು ಮಾತು ಹೇಳಿ ಹೋದ. ಆಮೇಲೆ ನೋಡಿದ್ರೆ ಗ್ರೌಂಡಿನ ಒಂದು ಮೂಲೆಯಲ್ಲಿ ಇಬ್ಬರು ಹುಡುಗರು ಉಳಿದೋರಿಂದ ಬೇರೆಯಾಗಿ ಮಂಡಿಯೂರಿ ಕೂತು, ನೆಲದ ಮೇಲೆ ಬಾಲ್ ಇಟ್ಟು, ಅಸಿಸ್ಟೆಂಟ್ ಕೋಚ್ ವಿಷಲ್ ಊದಿದ ತಕ್ಷಣ ಕೋಲಿಂದ ಅದನ್ನ ಅಮುಕಿ ಕಿತ್ಕೋತಾ ಇದ್ರು. ಮತ್ತೆ ಮತ್ತೆ ಅದೇ, ಮುಕ್ಕಾಲು ಗಂಟೆ. ಅವರಲ್ಲಿ ದೊಡ್ಡೋನು ಬೆಂಚಿಗೆ ಬಂದು ಮಣಿಕಟ್ಟಿಗೆ ಟೇಪ್ ಸುತ್ಕೋತಾ ಕೂತ. ಸುಮ್ನೆ ಮಾತಾಡಿಸ್ದೆ. ಅವನು ತನ್ನ ಕೆಲಸ ಏನು ಅಂತ ಅರ್ಧ ಗಂಟೆ ವಿವರಿಸಿದ. ಕೈ ಹೆಂಗೆ ಇಡ್ಬೇಕು, ರೆಫ್ರಿ ವಿಷಲ್‌ನ ಕಿವಿಯಲ್ಲಿ ಅಲ್ಲ ಮೈಯಲ್ಲಿ ಹೆಂಗೆ ಕೇಳಿಸ್ಕೋಬೇಕು, ಬಾಲನ್ನ ಅಮುಕಿದ್ಮೇಲೆ ತನಗೇ ಎಳ್ಕೋಬೇಕಾ ಇಲ್ಲ ಪಕ್ಕದಿಂದ ಓಡಿ ಬರೋ ವಿಂಗ್ ಆಟಗಾರನ ಕಡೆ ತಳ್ಳಬೇಕಾ, ಎಲ್ಲಾ. ಕೊನೆಗೆ ಹೇಳಿದ, ಮಣಿಕಟ್ಟು ಉಳುಕಿದೆ, ಶನಿವಾರ ನಾನು ಎಲ್ಲಾ ಫೇಸ್‌ಆಫ್ (ಬಾಲಿಗಾಗಿ ಇಬ್ಬರು ಹೀಗೆ ಸೆಣಸೋದಕ್ಕೆ ಹಂಗಂತಾರೆ) ತಗೊಳೋಕೆ ಆಗಲ್ಲ, ಮೊದಲ ವರ್ಷದ ಈ ಹುಡುಗನೇ ಹೆಚ್ಚು ತಗೋತಾನೆ, ಬರ್ಕೋ ಪರವಾಗಿಲ್ಲ, ಕೋಚ್‌ಗೂ ಗೊತ್ತು, ಎದುರಾಳಿಗೂ ಗೊತ್ತು.

ನೋಟ್‌ಬುಕ್‌ನಲ್ಲಿ ಪೂರ್ತಿ ಎರಡು ಪುಟ ಬರ್ಕೊಂಡೆ. ಪ್ರಿವ್ಯೂನಲ್ಲಿ ಒಂದೇ ಒಂದು ಪದ ಹಾಕಲಿಲ್ಲ.

ಯಾಕೆ ಅಂದ್ರೆ ಫೇಸ್‌ಆಫ್ ಅಂದ್ರೆ ಟಾಸ್ ಅಂತ ನನ್ನ ತಲೆಯಲ್ಲಿ ಕೂತುಬಿಟ್ಟಿತ್ತು. ಇಬ್ಬರು ಮಧ್ಯಕ್ಕೆ ಬರ್ತಾರೆ, ಯಾರಿಗೋ ಬಾಲ್ ಸಿಗುತ್ತೆ, ಆಮೇಲೆ ಆಟ ಶುರು. ಅದೂ ಅಲ್ದೆ ಈ ಹುಡುಗ ಫೇಸ್‌ಆಫ್ ತಗೊಂಡು ಬಾಲ್ ಬೇರೆಯೋರಿಗೆ ಕೊಟ್ಟು ತಕ್ಷಣ ಬೆಂಚಿಗೆ ಓಡಿಬಿಡ್ತಾನೆ. ಅಂಥೋರಿಗೆ ಅಲ್ಲಿ ಫೋಗೋ ಅಂತಾರೆ, ಫೇಸ್‌ಆಫ್ ತಗೋ ಹೊರಗೆ ಹೋಗು ಅನ್ನೋ ಅರ್ಥದಲ್ಲಿ. ಹತ್ತು ಸೆಕೆಂಡು ಗ್ರೌಂಡಲ್ಲಿದ್ದು ಹೋಗೋನ ಮಣಿಕಟ್ಟಿನ ಬಗ್ಗೆ ಓದುಗರಿಗೇನು ಅಂದ್ಕೊಂಡೆ.

ಇದೊಂದು ವಿಷಯ ಬಿಡಿಸಿ ಹೇಳಲೇಬೇಕು, ದಯವಿಟ್ಟು ತಾಳ್ಮೆಯಿಂದ ಓದಿ. ಕ್ರಿಕೆಟ್‌ನಲ್ಲಿ ಟಾಸ್ ಒಂದು ಸಲ, ಅದೂ ಅದೃಷ್ಟ. ಲ್ಯಾಕ್ರಾಸ್‌ನಲ್ಲಿ ಫೇಸ್‌ಆಫ್ ಪ್ರತಿ ಕ್ವಾರ್ಟರ್ ಶುರುವಿಗೆ, ಮತ್ತೆ ಪ್ರತಿ ಗೋಲ್ ಆದ್ಮೇಲೆ. 14-11 ಅಂತ ಮುಗಿಯೋ ಮ್ಯಾಚಲ್ಲಿ ಹೆಚ್ಚುಕಮ್ಮಿ 28 ಫೇಸ್‌ಆಫ್ ಆಗಿರುತ್ತೆ. ಫುಟ್‌ಬಾಲ್‌ನಲ್ಲಿ ಗೋಲ್ ತಿಂದೋರಿಗೆ ಬಾಲ್ ಸಿಗುತ್ತೆ, ಬಾಸ್ಕೆಟ್‌ಬಾಲ್‌ನಲ್ಲೂ ಅಷ್ಟೇ, ಒಂದು ಥರ ನ್ಯಾಯ ಇದೆ. ಇಲ್ಲಿ ಆ ನ್ಯಾಯ ಇಲ್ಲ. ಗೋಲ್ ಹೊಡೆದೋರೇ ಫೇಸ್‌ಆಫ್ ಗೆದ್ರೆ ಬಾಲ್ ಮತ್ತೆ ಅವರದ್ದೇ, ಮತ್ತೆ ಗೋಲ್, ಮತ್ತೆ ಫೇಸ್‌ಆಫ್, ಮತ್ತೆ ಅವರದ್ದೇ. ನಿಮ್ಮ ಟೀಮಿನ ಅಟ್ಯಾಕರ್ ದೇವರಂಥ ಆಟಗಾರ ಆಗಿರಲಿ, ಬಾಲೇ ಬರದೆ ಇದ್ರೆ ಆ ತುದಿಯಲ್ಲಿ ನಿಂತ್ಕೊಂಡು ನೋಡ್ತಾ ಇರ್ಬೇಕು. ಕ್ರಿಕೆಟ್ ಹೋಲಿಕೆ ಬೇಕೇ ಬೇಕು ಅಂದ್ರೆ ಟಾಸ್ ಅಲ್ಲ, ಓವರ್ ಅಂದ್ಕೊಳಿ. ಒಂದು ಟೀಮಿಗೆ 35 ಓವರ್ ಬ್ಯಾಟಿಂಗ್, ಇನ್ನೊಂದಕ್ಕೆ 15 ಓವರ್ ಕೊಟ್ರೆ ರನ್ ರೇಟ್ ಎಷ್ಟು ಚೆನ್ನಾಗಿದ್ದು ಏನು ಪ್ರಯೋಜನ?

ನಾನು ಬರೆದಿದ್ದು ರನ್ ರೇಟ್. ನಮ್ಮ ಟೀಮು ಮ್ಯಾಚಿಗೆ ಸರಾಸರಿ 14 ಗೋಲ್ ಹೊಡೀತಿತ್ತು, ಅವರು 9. ಅದನ್ನ ಮೊದಲ ಸಾಲಲ್ಲೇ ಹಾಕಿ, ಅಟ್ಯಾಕರ್ ಬಗ್ಗೆ ಮೂರು ಪ್ಯಾರಾ ಬರೆದು, ಕೊನೆಗೆ 15-9 ಗೆಲ್ತೀವಿ ಅಂತ ಅಂಕಿ ಸಮೇತ ಬರೆದೆ. ಆ 14 ಎಲ್ಲಿಂದ ಬರ್ತಿತ್ತು ಅಂತ ಒಂದು ಸಲ ಕೇಳ್ಕೊಂಡಿದ್ರೆ ಸಾಕಿತ್ತು. ಆ ಮಣಿಕಟ್ಟಿನ ಹುಡುಗ ಹತ್ತರಲ್ಲಿ ಆರೂವರೆ ಫೇಸ್‌ಆಫ್ ಗೆದ್ದು ಕೊಡ್ತಿದ್ದ, ಅಲ್ಲಿಂದ ಬರ್ತಿತ್ತು.

ಶನಿವಾರ ಮೊದಲ ಕ್ವಾರ್ಟರ್ ಮುಗಿದಾಗ 1-5. ಮೊದಲ ವರ್ಷದ ಹುಡುಗ ಬಗ್ಗಿದ್ದೇ ಬಗ್ಗಿದ್ದು, ಬಾಲ್ ಅವರ ಕೈಗೇ ಹೋಗ್ತಿತ್ತು. ಆಗ ಇನ್ನೂ ಶಾಟ್ ಕ್ಲಾಕ್, ಅಂದ್ರೆ ಇಷ್ಟು ಸೆಕೆಂಡ್ ಒಳಗೆ ಗೋಲಿಗೆ ಹೊಡೀಲೇಬೇಕು ಅನ್ನೋ ಗಡಿಯಾರ ಇರ್ಲಿಲ್ಲ, ಬೇಕಂತ ಕಾಲ ಕಳೀತಿದಾರೆ ಅಂತ ರೆಫ್ರಿಗೆ ಅನ್ಸಿದ್ರೆ ಮಾತ್ರ 30 ಸೆಕೆಂಡು ಲೆಕ್ಕ ಶುರು ಮಾಡ್ತಿದ್ರು, ಹಾಗಾಗಿ ಬಾಲ್ ಸಿಕ್ಕೋರು ಆರಾಮಾಗಿ ಸುತ್ತಾಡಿಸ್ಕೊಂಡು ಇದ್ರು. ಮೂರನೇ ಕ್ವಾರ್ಟರ್‌ನಲ್ಲಿ ದೊಡ್ಡೋನೇ ಟೇಪ್ ಬಿಗಿ ಮಾಡ್ಕೊಂಡು ಬಂದ, ಎರಡು ಗೆದ್ದ, ಮೂರನೇದಕ್ಕೆ ಕೈ ಹಿಡ್ಕೊಂಡು ಹೊರಗೆ ನಡೆದ. ಕೊನೆಗೆ 8-14 ಸೋತ್ವಿ. ಒಟ್ಟು 25 ಫೇಸ್‌ಆಫ್‌ನಲ್ಲಿ ನಾವು ಗೆದ್ದಿದ್ದು 6.

ಸೋಮವಾರ ಎಡಿಟರ್ ನನ್ನ ಪ್ರಿವ್ಯೂ ಮತ್ತೆ ಮ್ಯಾಚಿನ ಸ್ಕೋರ್ ಶೀಟು ಎರಡನ್ನೂ ಪಕ್ಕಪಕ್ಕ ಇಟ್ಟು ಕೇಳಿದ್ದು ಒಂದೇ ಪ್ರಶ್ನೆ, ಫೇಸ್‌ಆಫ್ ತಗೊಳೋನಿಗೆ ಪೆಟ್ಟಾಗಿದೆ ಅಂತ ನಿಂಗೆ ಗೊತ್ತಿರ್ಲಿಲ್ವಾ ಅಂತ. ಗೊತ್ತಿತ್ತು ಅಂದೆ. ಗೊತ್ತಿರ್ಲಿಲ್ಲ ಅಂದಿದ್ರೆ ಕ್ಷಮಿಸ್ತಿದ್ಲೇನೋ. ಲ್ಯಾಕ್ರಾಸ್ ನನ್ ಕೈಯಿಂದ ಹೋಯ್ತು, ಸೀಸನ್ ಕೊನೆಗೆ ಟೀಮಿನ ಜೊತೆ ಟೂರ್ನಮೆಂಟಿಗೆ ಹೋಗೋ ಅವಕಾಶ ಇನ್ನೊಬ್ಬನಿಗೆ ಸಿಕ್ತು, ನಾನು ಮೇ ತನಕ ಬೇರೆಯೋರ ಲೇಖನದ ಕಾಗುಣಿತ ತಿದ್ದುತಾ ಕೂತೆ. ಅದಕ್ಕಿಂತ ನೋವಾಗಿದ್ದು ಆ ಹುಡುಗ ಕ್ಯಾಂಟೀನಲ್ಲಿ ಸಿಕ್ಕಾಗ. ಬೈಯಲಿಲ್ಲ. "ಅವತ್ತು ನಾನು ಹೇಳಿದ್ದು ನಿಂಗೆ ಅರ್ಥ ಆಗಿರ್ಲಿಲ್ವಾ, ಇನ್ನೊಂದ್ಸಲ ಹೇಳ್ಲಾ?" ಅಂತ ಕೇಳಿದ. ಹೇಳಿಸ್ಕೊಂಡೆ. ಆ ಸಲ ಸರಿಯಾಗಿ ಕೇಳಿಸ್ಕೊಂಡೆ.

ಆಮೇಲೆ ಹಳೇ ಮ್ಯಾಚ್‌ಗಳನ್ನ ಹುಡುಕಿ ನೋಡೋಕೆ ಶುರು ಮಾಡಿದೆ. 2013ರ ಕಾಲೇಜು ಚಾಂಪಿಯನ್‌ಶಿಪ್ ಫೈನಲ್ ನೀವು ಇವತ್ತೇ ನೋಡಿ, ಫಿಲಡೆಲ್ಫಿಯಾದಲ್ಲಿ ಆಗಿದ್ದು, ಡ್ಯೂಕ್ ಮತ್ತು ಸಿರಾಕ್ಯೂಸ್ ಯೂನಿವರ್ಸಿಟಿಗಳ ಮಧ್ಯೆ. ಸಿರಾಕ್ಯೂಸ್ ಶುರುವಿನಲ್ಲೇ 5-0 ಮುಂದೆ ಹೋಯ್ತು, ಕೊನೆಗೆ ಡ್ಯೂಕ್ 16-10 ಗೆಲ್ತು. ಫೈನಲ್‌ನ ಅತ್ಯುತ್ತಮ ಆಟಗಾರ ಅಂತ ಆರಿಸಿದ್ದು ಗೋಲ್ ಹೊಡೆಯೋನನ್ನಲ್ಲ, ಬ್ರೆಂಡನ್ ಫೌಲರ್ ಅನ್ನೋ ಫೇಸ್‌ಆಫ್ ಹುಡುಗನನ್ನ. 28ರಲ್ಲಿ 20 ಗೆದ್ದಿದ್ದ. ಅವನು ಬಗ್ಗೋದು, ಎದ್ದೇಳೋದು, ಸ್ಕೋರ್ ಮೆಲ್ಲಗೆ ತಿರುಗೋದು ನೋಡ್ತಾ ನೋಡ್ತಾ ನಂಗೆ ಆ ಎರಡು ಪುಟ ನೋಟ್ಸ್ ಕಣ್ಣ ಮುಂದೆ ಬಂತು.

ಸರಿ, ನಿಮ್ಮ ವಿಷಯಕ್ಕೆ ಬರ್ತೀನಿ. ಆಟ ಗೊತ್ತಿಲ್ಲ ಅದಕ್ಕೆ ಅಂಕಿಅಂಶ ಸಾಕು ಅಂತ ನೀವು ಬರೆದಿದೀರಲ್ಲ, ಅದನ್ನ ನಾನು ಒಪ್ಪಲ್ಲ. ಆಟ ಗೊತ್ತಿರೋರಿಗೆ ಅಂಕಿ ಉಪಯೋಗಕ್ಕೆ ಬರುತ್ತೆ, ಗೊತ್ತಿಲ್ಲದೋರನ್ನ ಅದು ದಾರಿ ತಪ್ಪಿಸುತ್ತೆ. ಇವತ್ತು ಸಾಯಂಕಾಲ ಪ್ರಾಕ್ಟೀಸ್‌ಗೆ ಹೋಗಿ. ಮೂಲೆಯಲ್ಲಿ ಬಗ್ಗಿ ಕೂತಿರೋರನ್ನ ಹುಡುಕಿ. ಈಗ ನಿಯಮ ಬದಲಾಗಿದೆ, 2021ರ ಸೀಸನ್‌ನಿಂದ ಮಂಡಿ ಊರೋ ಹಾಗಿಲ್ಲ, ಬೈಕ್ ಹ್ಯಾಂಡಲ್ ಹಿಡಿದಂಗೆ ಎರಡೂ ಕೈ ಮೇಲಿಂದ ಹಿಡಿಯೋದೂ ಇಲ್ಲ, ನಿಂತೇ ಬಗ್ಗಬೇಕು. ಶನಿವಾರ ಯಾರು ತಗೋತಾರೆ, ಎದುರಾಳಿಯಲ್ಲಿ ಯಾರು ತಗೋತಾರೆ, ಅವರಿಬ್ಬರೂ ಹಿಂದೆ ಎದುರಾಗಿದ್ರಾ, ಇಷ್ಟು ಕೇಳಿದ್ರೆ ನಿಮ್ಮ ಪ್ರಿವ್ಯೂ ಅರ್ಧ ಆದಂಗೆ. ಪೆಟ್ಟಿನ ವಿಷಯ ಇದ್ರೆ ಮಾತ್ರ ಬರೀಬಹುದಾ ಅಂತ ಆ ಹುಡುಗನ್ನೇ ಕೇಳಿ, ಅವನು ಬೇಡ ಅಂದ್ರೆ ಬೇಡ.

ಎರಡನೇದು ಗೋಲ್‌ಕೀಪರ್. ಗೋಲ್ ಇರೋದು ಆರಡಿಗೆ ಆರಡಿ, ಬಾಲ್ ಬರೋ ಸ್ಪೀಡಿಗೆ ಕಣ್ಣು ಹೋಗಲ್ಲ, ಬಂದ ಹೊಡೆತದಲ್ಲಿ ಅರ್ಧಕ್ಕಿಂತ ಹೆಚ್ಚು ತಡೆದ್ರೇ ಒಳ್ಳೇ ಕೀಪರ್. ಸರಾಸರಿ ಬರೆದು ಬಿಡಬೇಡಿ, ಯಾವ ಕಡೆಯಿಂದ ಬಂದಿದ್ದು ಬಿಡ್ತಾನೆ ಅಂತ ನೋಡಿ, ಮೇಲೆ ಹೊಡೆದಿದ್ದಾ, ನೆಲಕ್ಕೆ ಬಡಿದು ಬಂದಿದ್ದಾ.

ಮೂರನೇದು ಕ್ಲಿಯರ್, ಅಂದ್ರೆ ಕೀಪರ್ ತಡೆದ ಬಾಲನ್ನ ತಮ್ಮ ಅರ್ಧದಿಂದ ಆ ಅರ್ಧಕ್ಕೆ ದಾಟಿಸೋದು. 110 ಗಜದ ಗ್ರೌಂಡು, 20 ಸೆಕೆಂಡಲ್ಲಿ ಮಧ್ಯದ ಗೆರೆ ದಾಟಬೇಕು, ಎದುರಾಳಿ ಅಟ್ಟಿಸ್ಕೊಂಡು ಬರ್ತಾರೆ. 2019ರಿಂದ 80 ಸೆಕೆಂಡಿನ ಶಾಟ್ ಕ್ಲಾಕ್ ಬಂದ್ಮೇಲೆ ಇದು ಇನ್ನೂ ಮುಖ್ಯ ಆಗಿದೆ, ದಾಟಿಸೋಕೇ ಸಮಯ ಹೋದ್ರೆ ಆಡೋಕೆ ಉಳಿಯೋದು ಕಡಿಮೆ. ಉದ್ದ ಕೋಲು ಹಿಡಿದ ಡಿಫೆಂಡರ್‌ಗಳಲ್ಲಿ ಬಾಲ್ ತಗೊಂಡು ಧೈರ್ಯವಾಗಿ ಓಡೋನು ಯಾರು ಅಂತ ಕೇಳಿ, ಅವನ ಬಗ್ಗೆ ನಾಲ್ಕು ಸಾಲು ಬರೀರಿ, ಅವನ ಬಗ್ಗೆ ಯಾರೂ ಬರ್ದಿರಲ್ಲ.

ನಾಲ್ಕು ಐದು ಅಂತ ನಾನು ಕೊಡಲ್ಲ, ಇಷ್ಟನ್ನ ನಿಜವಾಗಿ ತಿಳ್ಕೊಂಡ್ರೆ 600 ಪದ ತುಂಬುತ್ತೆ. ಅಟ್ಯಾಕರ್ ಬೇಡ ಅಂತಲ್ಲ. 2025ರಲ್ಲಿ ಕಾರ್ನೆಲ್ ಮೇರಿಲ್ಯಾಂಡನ್ನ 13-10 ಸೋಲಿಸಿ 1977ರ ನಂತರ ಮೊದಲ ಸಲ ಕಪ್ ತಗೊಂಡಾಗ ಎಲ್ಲರ ಬಾಯಲ್ಲೂ ಸಿ.ಜೆ. ಕರ್ಸ್ಟ್ ಹೆಸರೇ ಇತ್ತು, ಇರಬೇಕಾದ್ದೇ. ಆದ್ರೆ ಅಂಥೋರ ಹೆಸರು ಓದುಗರಿಗೆ ಮೊದಲೇ ಗೊತ್ತಿರುತ್ತೆ, ಪ್ರಿವ್ಯೂ ಓದೋದು ಗೊತ್ತಿಲ್ಲದ್ದನ್ನ ತಿಳ್ಕೊಂಡು ಗ್ಯಾಲರಿಗೆ ಹೋಗೋಕೆ.

ಸ್ಕೋರ್ ಎಷ್ಟಾಗುತ್ತೆ ಅಂತ ಬರೀಲೇಬೇಡಿ. ಎಡಿಟರ್ ಕೇಳಿದ್ರೂ ಬೇಡ ಅನ್ನಿ. 2009ರ ಫೈನಲ್‌ನಲ್ಲಿ ಕಾರ್ನೆಲ್ ಗೆದ್ದೇಬಿಡ್ತು ಅನ್ನೋ ಹೊತ್ತಿಗೆ, ಇನ್ನು ನಾಲ್ಕೈದು ಸೆಕೆಂಡ್ ಇದ್ದಾಗ ಸಿರಾಕ್ಯೂಸ್ ಸಮ ಮಾಡಿ, ಎಕ್ಸ್‌ಟ್ರಾ ಟೈಮಲ್ಲಿ 10-9 ಗೆಲ್ತು. ಗ್ರೌಂಡಲ್ಲಿ ಇದ್ದೋರಿಗೇ ಗೊತ್ತಾಗದೆ ಇದ್ದಿದ್ದು ಮೂರು ದಿನ ಮುಂಚೆ ನಮಗೆ ಹೆಂಗೆ ಗೊತ್ತಾಗುತ್ತೆ?

ಇನ್ನೊಂದು ಮಾತು, ಪ್ರಶ್ನೆಗೆ ಸಂಬಂಧ ಇಲ್ಲ ಅನ್ಸಬಹುದು. ಈ ಆಟ ಕಾಲೇಜಿನೋರದ್ದಲ್ಲ, ಆ ನೆಲದ ಮೂಲನಿವಾಸಿಗಳದ್ದು, ಹೌದೆನೊಸೌನಿ ಜನ ಇದನ್ನ ಸೃಷ್ಟಿಕರ್ತ ಕೊಟ್ಟ ಆಟ, ಕಾಯಿಲೆ ವಾಸಿ ಮಾಡೋ ಆಟ ಅಂತಾರೆ. ಸಿರಾಕ್ಯೂಸ್‌ನ ದಕ್ಷಿಣಕ್ಕೇ ಒನೊಂಡಾಗ ಜನರ ನೆಲ ಇದೆ, ಅಲ್ಲಿ ಆಲ್ಫಿ ಜಾಕ್ಸ್ ಅನ್ನೋರು ಹಿಕರಿ ಮರವನ್ನ ಹಬೆಯಲ್ಲಿ ಬಗ್ಗಿಸಿ ಕೈಯಲ್ಲೇ ಕೋಲು ಮಾಡ್ತಿದ್ರು, 2023ರಲ್ಲಿ ತೀರ್ಕೊಂಡ್ರು. ಕಾಲೇಜು ಆಟಗಾರರಿಗೆ ಕೊಡೋ ಅತಿ ದೊಡ್ಡ ಪ್ರಶಸ್ತಿ ಟೆವಾರಾಟನ್, ಅದು ಮೊಹಾಕ್ ಭಾಷೆಯಲ್ಲಿ ಈ ಆಟದ ಹೆಸರೇ. 2014ರಲ್ಲಿ ಆಲ್ಬನಿಯ ಲೈಲ್ ಮತ್ತು ಮೈಲ್ಸ್ ಥಾಂಪ್ಸನ್ ಅಣ್ಣತಮ್ಮಂದಿರು ಅದನ್ನ ಹಂಚ್ಕೊಂಡ್ರು, ಮೂಲನಿವಾಸಿಗಳಿಗೆ ಆ ಪ್ರಶಸ್ತಿ ಸಿಕ್ಕಿದ್ದು ಆಗಲೇ ಮೊದಲು. ನಿಮ್ಮ ಎರಡು ಟೀಮಲ್ಲಿ ಆ ಜನರ ಹುಡುಗ ಯಾರಾದ್ರೂ ಇದ್ರೆ ಗೌರವದಿಂದ ಮಾತಾಡಿಸಿ, ಗಡಿಬಿಡಿಯಲ್ಲಿ ಒಂದು ಸಾಲು ಕೇಳ್ಕೊಂಡು ಓಡಬೇಡಿ.

ಇವತ್ತು ಬುಧವಾರ, ಪ್ರಾಕ್ಟೀಸ್ ಸಾಮಾನ್ಯವಾಗಿ ನಾಲ್ಕಕ್ಕೆ ಶುರುವಾಗುತ್ತೆ, ದಪ್ಪ ಸಾಕ್ಸ್ ಹಾಕ್ಕೊಂಡು ಹೋಗಿ. ಶನಿವಾರ ಮ್ಯಾಚ್ ಮುಗಿದ್ಮೇಲೆ ಫೇಸ್‌ಆಫ್ ಲೆಕ್ಕ ಎಷ್ಟಾಯ್ತು ಅಂತ ಇಲ್ಲೇ ಕೆಳಗೆ ಬರೀರಿ, ನಾನು ಕಾಯ್ತಿರ್ತೀನಿ.